ಕುದುರೆ ತಿಂದ ಟೋಪಿ: ಮಾತಿನ ನಾಟಕ ಮೂಕಿ ಚಿತ್ರವಾಗಿ ಇಷ್ಟೊಂದು ನಗಿಸುವುದು ಹೇಗೆ?

ಮೈಸೂರು_ಹವ್ಯಾಸಿ
ಎಲ್ಲರಿಗೂ ನಮಸ್ಕಾರ. ನಮ್ಮದು ಹನ್ನೆರಡು ಜನರ ಸಣ್ಣ ಹವ್ಯಾಸಿ ನಾಟಕ ತಂಡ. ಈ ವರ್ಷ ಒಂದು ಫ್ರೆಂಚ್ ಪ್ರಹಸನವನ್ನು ಕನ್ನಡಕ್ಕೆ ತರಲು ಹೊರಟಿದ್ದೇವೆ. ಯೂಜೆನ್ ಲಬೀಶ್ ಮತ್ತು ಮಾರ್ಕ್ ಮಿಶೆಲ್ ಸೇರಿ ಬರೆದ 'ಇಟಲಿಯ ಹುಲ್ಲಿನ ಟೋಪಿ'. 1851ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿ ಆಡಿದ್ದು.

ಗೊತ್ತಿಲ್ಲದವರಿಗೆ ಕಥೆ ಹೇಳುತ್ತೇನೆ. ಫಾದಿನಾರ್ ಎಂಬವನಿಗೆ ಅವತ್ತು ಮದುವೆ. ಬೆಳಿಗ್ಗೆ ವಾನ್ಸೆನ್ ಕಾಡಿನ ದಾರಿಯಲ್ಲಿ ಬರುವಾಗ ಅವನ ಕುದುರೆ ಯಾರದೋ ಹುಲ್ಲಿನ ಟೋಪಿಯನ್ನು ತಿಂದುಬಿಡುತ್ತದೆ. ಟೋಪಿ ಒಬ್ಬ ಮದುವೆಯಾದ ಹೆಂಗಸಿನದು. ಅವಳು ಆ ಹೊತ್ತಿನಲ್ಲಿ ಒಬ್ಬ ಲೆಫ್ಟಿನೆಂಟ್ ಜೊತೆ ಇದ್ದಳು. ಟೋಪಿ ಇಲ್ಲದೆ ಮನೆಗೆ ಹೋದರೆ ಗಂಡನಿಗೆ ಅನುಮಾನ. ಅದಕ್ಕೇ ಇಬ್ಬರೂ ಮದುಮಗನ ಮನೆಗೇ ಬಂದು ಕೂರುತ್ತಾರೆ. ಅಂಥದ್ದೇ ಟೋಪಿ ತಂದುಕೊಡದಿದ್ದರೆ ಲೆಫ್ಟಿನೆಂಟ್ ಮನೆ ಸಾಮಾನೆಲ್ಲ ಪುಡಿ ಮಾಡುತ್ತಾನಂತೆ. ಹಾಗಾಗಿ ಫಾದಿನಾರ್ ಒಂದು ಕಡೆ ಮದುವೆ, ಇನ್ನೊಂದು ಕಡೆ ಟೋಪಿ ಅಂತ ದಿನವಿಡೀ ಓಡುತ್ತಾನೆ. ಹಿಂದೆಯೇ ದಿಬ್ಬಣವೂ ಓಡುತ್ತದೆ.

ಸಮಸ್ಯೆ ಇಲ್ಲಿಂದ ಶುರು. ಹೋದ ವಾರ ತಂಡದವರೆಲ್ಲ ಸೇರಿ ರೆನೆ ಕ್ಲೇರ್ 1928ರಲ್ಲಿ ಇದೇ ನಾಟಕದಿಂದ ಮಾಡಿದ ಮೂಕಿ ಚಿತ್ರ ನೋಡಿದೆವು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಮರುದಿನ ನನ್ನ ಅನುವಾದ ಓದಿದರೆ ಎಲ್ಲರ ಮುಖ ಸಪ್ಪೆ. "ಮಾತೇ ಬೇಡ, ತೆಗೆದುಬಿಡೋಣ" ಅಂತ ಅರ್ಧ ಜನ ಹೇಳುತ್ತಿದ್ದಾರೆ. ಮಾತಿನಿಂದಲೇ ಬದುಕಿದ ನಾಟಕ ಮಾತಿಲ್ಲದೆ ಇಷ್ಟು ನಗಿಸುವುದಾದರೆ, ನಗು ಇರುವುದಾದರೂ ಎಲ್ಲಿ? ನಾವು ಏನು ಮಾಡಬೇಕು?

ಕಂಪನಿ_ನಾಟಕ_ಅಭಿಮಾನಿ
ಮಾತು ತೆಗೆಯಬೇಡಿ. ದಯವಿಟ್ಟು.

ಸುಮಾ_ಧಾರವಾಡ
ಆ ಸಿನಿಮಾ ನಾನು ಮೂರು ಸಲ ನೋಡಿದ್ದೇನೆ. ನನಗೆ ಅತಿ ಇಷ್ಟವಾದದ್ದು ಮೇಯರ್ ಭಾಷಣದ ದೃಶ್ಯ. ದಿಬ್ಬಣದಲ್ಲಿ ಒಬ್ಬನ ಕೊರಳಿನ ಟೈ ಜಾರಿದೆ. ಹೆಂಡತಿ ಕೈಸನ್ನೆ ಮಾಡಿ ಸರಿಮಾಡಿಕೊ ಅನ್ನುತ್ತಾಳೆ. ಅವನಿಗೆ ಅರ್ಥವೇ ಆಗುವುದಿಲ್ಲ. ಆದರೆ ಸುತ್ತ ಇರುವ ಗಂಡಸರೆಲ್ಲ ತಮಗೇ ಹೇಳಿದ್ದು ಅಂದುಕೊಂಡು ಒಬ್ಬೊಬ್ಬರಾಗಿ ಟೈ ಮುಟ್ಟಿ ನೋಡಿಕೊಳ್ಳುತ್ತಾರೆ. ಕೊನೆಗೆ ಭಾಷಣ ಮಾಡುತ್ತಿರುವ ಮೇಯರ್ ಕೂಡ! ಇದು ನಾಟಕದಲ್ಲಿ ಇಲ್ಲ. ಮದುವೆ ನೋಂದಣಿಯ ದೃಶ್ಯವನ್ನೇ ಲಬೀಶ್ ರಂಗದ ಮೇಲೆ ತಂದಿಲ್ಲ. ಕ್ಲೇರ್ ನಾಟಕದ ಮಾತನ್ನು ಸುಮ್ನೆ ಕತ್ತರಿಸಲಿಲ್ಲ. ಮಾತು ಮಾಡುತ್ತಿದ್ದ ಕೆಲಸವನ್ನು ವಸ್ತುಗಳಿಗೆ ಕೊಟ್ಟರು. ಟೈ, ಕೈಗವಸು, ಬಿಗಿಯಾದ ಶೂ, ಮದುಮಗಳ ಬೆನ್ನಿಗೆ ಚುಚ್ಚುವ ಗುಂಡುಸೂಜಿ. ಒಬ್ಬೊಬ್ಬರಿಗೂ ಒಂದೊಂದು ವಸ್ತು, ಒಂದೊಂದು ಸಂಕಟ.

ಕಂಪನಿ_ನಾಟಕ_ಅಭಿಮಾನಿ
ಸುಮಾ ಮೇಡಂ, ಒಂದು ತಿದ್ದುಪಡಿ. ಸೂಜಿ ಮತ್ತು ಬಿಗಿ ಶೂ ಎರಡೂ ಲಬೀಶ್ ನಾಟಕದಲ್ಲೇ ಇವೆ. ಎಲ್ಲವನ್ನೂ ಕ್ಲೇರ್ ಖಾತೆಗೆ ಹಾಕಬೇಡಿ. ಮಾವ ನೊನಾಂಕೂರ್ ನಾಟಕದುದ್ದಕ್ಕೂ ಕಾಲು ನೋವು ಅಂತ ಒದ್ದಾಡುತ್ತಾನೆ. ನಾಲ್ಕನೇ ಅಂಕದಲ್ಲಿ ಟೋಪಿ ಕಳೆದುಕೊಂಡ ಹೆಂಗಸಿನ ಗಂಡನ ಮನೆಗೆ ಹೋದಾಗ ಅವನು ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂತಿರುತ್ತಾನೆ. ಮಾವ ಅವನ ಶೂ ಹಾಕಿಕೊಂಡು ಹೊರಟುಬಿಡುತ್ತಾನೆ. ಆಮೇಲೆ ಕುಂಟುವ ಸರದಿ ಗಂಡನದು. ಇದು 1851ರ ಬರಹ. ಬರೀ ಮಾತಿನ ನಾಟಕ ಅನ್ನುವುದೇ ತಪ್ಪು ಕಲ್ಪನೆ.

ಸುಮಾ_ಧಾರವಾಡ
ಒಪ್ಪಿದೆ ಸರ್. ಟೈ ಮಾತ್ರ ಬಿಟ್ಟುಕೊಡುವುದಿಲ್ಲ.

ಬೆಂಗಳೂರು_ರೀಲು
ಈ ಚಿತ್ರ 1895ರದ್ದು ಅಲ್ವಾ? ಎಲ್ಲೋ ಓದಿದ ನೆನಪು.

ಹಳೇ_ಸಿನಿಮಾ_ಪ್ರೇಮಿ
ಇಲ್ಲ, ಚಿತ್ರ 1928ರದ್ದು. ಕಥೆ ನಡೆಯುವುದು 1895ರಲ್ಲಿ. ಇದರ ಹಿಂದೆ ಒಂದು ಚಂದದ ಯೋಚನೆ ಇದೆ. ಲಬೀಶ್ ನಾಟಕ ತನ್ನ ಕಾಲದ್ದೇ ಕಥೆ, ಅಂದರೆ 1851ರದ್ದು. ಕ್ಲೇರ್ ಅದನ್ನು 44 ವರ್ಷ ಮುಂದೆ ತಂದರು. 1895ರ ಡಿಸೆಂಬರ್‌ನಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ದುಡ್ಡು ಪಡೆದು ಮೊದಲ ಸಿನಿಮಾ ಪ್ರದರ್ಶನ ನಡೆಸಿದರು. ಸಿನಿಮಾ ಹುಟ್ಟಿದ ವರ್ಷಕ್ಕೇ ಕಥೆಯನ್ನು ಕೂರಿಸಿ, ಆ ಕಾಲದ ಚಿತ್ರಗಳ ಹಾಗೆಯೇ ಕ್ಯಾಮೆರಾವನ್ನು ಹೆಚ್ಚು ಅಲುಗಾಡಿಸದೆ ತೆಗೆದಿದ್ದಾರೆ. ಹಳೆಯ ಸಿನಿಮಾಕ್ಕೆ ಕೈ ಮುಗಿದ ಹಾಗೆ. ಅದೂ ಯಾವಾಗ? 1927ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ 'ದ ಜಾಝ್ ಸಿಂಗರ್' ಬಂದು ಮಾತಿನ ಚಿತ್ರಗಳ ಗಾಳಿ ಎದ್ದಾಗ. ಮೂಕಿ ಚಿತ್ರಕ್ಕೆ ಉಳಿದದ್ದು ಇನ್ನು ಒಂದೆರಡು ವರ್ಷ ಅನ್ನುವಾಗ.

ಇನ್ನೊಂದು ವಿಷಯ. ಇದನ್ನು ತಯಾರಿಸಿದ ಅಲ್ಬಾಟ್ರೋಸ್ ಸಂಸ್ಥೆ ರಷ್ಯಾದ ಕ್ರಾಂತಿಯ ನಂತರ ಫ್ರಾನ್ಸಿಗೆ ಬಂದ ರಷ್ಯನ್ನರದ್ದು. ಸ್ಟುಡಿಯೋ ಪ್ಯಾರಿಸ್ ಪಕ್ಕದ ಮೊಂತ್ರೆಯ್‌ನಲ್ಲಿ. ಸೆಟ್ ಹಾಕಿದ ಲಜಾರ್ ಮೇರ್ಸನ್ ಕೂಡ ಅತ್ತ ಕಡೆಯವರೇ. ಆ ಮನೆಗಳ ಒಳಗನ್ನು ನೋಡಿ. ಕಾಲಿಡಲು ಜಾಗ ಇಲ್ಲದಷ್ಟು ಕುರ್ಚಿ, ಹೂದಾನಿ, ಪರದೆ. ಇಷ್ಟು ಸಾಮಾನು ಇದ್ದಾಗಲೇ ಲೆಫ್ಟಿನೆಂಟ್ ಬೆದರಿಕೆಗೆ ತೂಕ ಬರುವುದು.

ಮಲೆನಾಡು_ಮಳೆ
ನನ್ನ ಪ್ರಶ್ನೆ ಸ್ವಲ್ಪ ಬೇರೆ. ಅಲ್ಲಿ ಒಬ್ಬ ಕಿವಿ ಕೇಳದ ಮುದುಕ ಇದ್ದಾನಲ್ಲ, ಕಿವಿಗೆ ಕೊಳವೆ ಹಿಡಿಯುವವನು. ನಮ್ಮ ಅಪ್ಪನಿಗೆ ಹತ್ತು ವರ್ಷದಿಂದ ಕಿವಿ ಕೇಳುವುದಿಲ್ಲ. ಮನೆಯಲ್ಲಿ ನೆಂಟರು ಸೇರಿದಾಗ ಅವರು ಮೂಲೆಯಲ್ಲಿ ಸುಮ್ಮನೆ ನಗುತ್ತಾ ಕೂರುತ್ತಾರೆ. ಏನು ಮಾತಾಡುತ್ತಿದ್ದಾರೆ ಅಂತ ಗೊತ್ತಾಗದಿದ್ದರೂ ನಗುತ್ತಾರೆ. ಅದನ್ನು ನೋಡಿದವಳಿಗೆ ಆ ಪಾತ್ರ ಬಂದಾಗಲೆಲ್ಲ ಕಸಿವಿಸಿ ಆಗುತ್ತದೆ. ನಿಮ್ಮ ನಾಟಕದಲ್ಲಿ ಅದನ್ನು ಇಟ್ಟುಕೊಳ್ಳಲೇಬೇಕಾ?

ಬೆಂಗಳೂರು_ರೀಲು
ಆಗಿನ ಕಾಲದ ಹಾಸ್ಯ ಹಾಗೇ ಇತ್ತು. ಅಷ್ಟೊಂದು ತಲೆಗೆ ಹಚ್ಚಿಕೊಳ್ಳಬಾರದು.

ರಂಗದ_ಹಿಂದೆ
ರೀಲು ಅವರೇ, ಹಾಗೆ ತಳ್ಳಿಹಾಕಬೇಡಿ. ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಮಳೆ ಅವರೇ, ಕಥೆಯ ಕೊನೆ ನೆನಪು ಮಾಡಿಕೊಳ್ಳಿ. ಆ ಕಿವಿ ಕೇಳದ ಮುದುಕ, ಚಿಕ್ಕಪ್ಪ ವೆಸಿನೆ, ಮೊದಲ ಅಂಕದಲ್ಲೇ ಮದುವೆಯ ಉಡುಗೊರೆ ಹಿಡಿದುಕೊಂಡು ಬರುತ್ತಾನೆ. ಒಂದು ಡಬ್ಬ. ಯಾರೂ ತೆರೆದು ನೋಡುವುದಿಲ್ಲ. ಇಡೀ ಪ್ಯಾರಿಸ್ ಸುತ್ತಿ, ಬೈಸಿಕೊಂಡು, ಓಡಿ ಸುಸ್ತಾದ ಮೇಲೆ ಗೊತ್ತಾಗುತ್ತದೆ, ಆ ಡಬ್ಬದಲ್ಲಿ ಇರುವುದು ಫ್ಲಾರೆನ್ಸಿನ ಹುಲ್ಲಿನ ಟೋಪಿ! ಬೆಳಗಿನಿಂದ ಮನೆಯಲ್ಲೇ ಇತ್ತು. ಅಂದರೆ ಕೇಳಿಸದವನು ಅವನಲ್ಲ. ಕಿವಿ ನೆಟ್ಟಗಿದ್ದ ಇಪ್ಪತ್ತು ಜನ ಅವನ ಮಾತು ಕೇಳಲಿಲ್ಲ. ನನಗಂತೂ ಈ ಪ್ರಹಸನದ ಅತ್ಯಂತ ಪ್ರೀತಿಯ ಪಾತ್ರ ಅವನೇ.

ಮಲೆನಾಡು_ಮಳೆ
ಇದನ್ನು ಹೀಗೆ ನೋಡಿರಲಿಲ್ಲ. ಅಪ್ಪನಿಗೆ ಇವತ್ತು ಈ ಕಥೆ ಬರೆದು ತೋರಿಸುತ್ತೇನೆ.

ಮೈಸೂರು_ಹವ್ಯಾಸಿ
ಮಳೆ ಅವರೇ, ಕೇಳಿದ್ದು ಒಳ್ಳೆಯದಾಯಿತು. ಆ ಪಾತ್ರ ಮಾಡುವ ಹುಡುಗ ಕೂಗಾಡಿ, ಸೊಟ್ಟ ಮುಖ ಮಾಡಿ ನಗಿಸುತ್ತಿದ್ದ. ಡಬ್ಬವನ್ನು ಎಲ್ಲರಿಗೂ ತೋರಿಸಲು ಪ್ರಯತ್ನಿಸುವುದೇ ನಿನ್ನ ಕೆಲಸ ಅಂತ ಹೇಳುತ್ತೇನೆ.

ಸೀನ್_ನದಿ_ಕನ್ನಡಿಗ
ಪ್ಯಾರಿಸ್ಸಿನಿಂದ ನಮಸ್ಕಾರ. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಈ ನಾಟಕದ ಒಂದು ಮಾತು ಇಲ್ಲಿನವರಿಗೆ ಬಾಯಿಪಾಠ. "ಮೊಂ ಜಾಂದ್ರ್, ತೂ ತೆ ರೊಂಪ್ಯು!" ಮಾವ ಅಳಿಯನಿಗೆ ಹೇಳುವುದು. "ಅಳಿಯ, ಎಲ್ಲಾ ಮುರಿಯಿತು" ಅಂತ ಅರ್ಥ. ಪ್ರತಿ ಅಂಕದಲ್ಲೂ ಏನೋ ಒಂದಕ್ಕೆ ಸಿಟ್ಟು ಬಂದು ಇದನ್ನೇ ಹೇಳುತ್ತಾನೆ, ಸ್ವಲ್ಪ ಹೊತ್ತಿಗೆ ರಾಜಿಯಾಗುತ್ತಾನೆ. ಆಫೀಸಿನಲ್ಲಿ ನನ್ನ ಹಿರಿಯ ಸಹೋದ್ಯೋಗಿ ಪ್ರಿಂಟರ್ ಕೆಟ್ಟಾಗಲೂ ಈ ಮಾತು ಹೇಳುತ್ತಾರೆ. ನೀವು ಇದನ್ನು ಹೇಗೆ ಅನುವಾದ ಮಾಡಿದ್ದೀರಿ?

ಮೈಸೂರು_ಹವ್ಯಾಸಿ
"ಅಳಿಯಾ, ಈ ಮದುವೆ ನಿಂತುಹೋಯಿತು!" ಅಂತ ಮಾಡಿದ್ದೇನೆ.

ಸೀನ್_ನದಿ_ಕನ್ನಡಿಗ
ಅಲ್ಲೇ ತೊಡಕು. ಮೂರನೇ ಅಂಕದ ಹೊತ್ತಿಗೆ ನೋಂದಣಿ ಮುಗಿದಿರುತ್ತದೆ. ಮದುವೆ ಆದಮೇಲೆ ನಿಲ್ಲುವುದು ಹೇಗೆ? ಮುರಿಯುವುದು ಅನ್ನುವ ಮಾತಾದರೆ ಮದುವೆಗೆ ಮೊದಲೂ ಒಪ್ಪುತ್ತದೆ, ಆಮೇಲೂ ಒಪ್ಪುತ್ತದೆ.

ಕಂಪನಿ_ನಾಟಕ_ಅಭಿಮಾನಿ
"ಅಳಿಯಂದಿರೇ, ಸಂಬಂಧ ಮುರೀತು!"

ಬೆಂಗಳೂರು_ರೀಲು
"ಅಳಿಯಾ, ಸಂಬಂಧ ಕಟ್!" ಚಿಕ್ಕದು, ಚುರುಕು.

ಕಂಪನಿ_ನಾಟಕ_ಅಭಿಮಾನಿ
ಕಟ್ ಅಂದರೆ ಇವತ್ತಿನ ಹುಡುಗರ ಮಾತಾಯಿತು. ಆ ಮಾವ ಗಿಡ ಬೆಳೆಸಿ ಮಾರುವ ಮನುಷ್ಯ. ಮಗಳು ಹುಟ್ಟಿದ ದಿನ ನೆಟ್ಟ ಒಂದು ಗಿಡವನ್ನು ಕುಂಡದ ಸಮೇತ ದಿನವಿಡೀ ಹೊತ್ತು ತಿರುಗುತ್ತಾನೆ. ಅವನಿಗೆ ಮರ್ಯಾದೆ ಮುಖ್ಯ. ಬೀಗರ ಮುಂದೆ ಎಷ್ಟೇ ಸಿಟ್ಟು ಬಂದರೂ ನಮ್ಮ ಕಡೆ ಅಳಿಯನನ್ನು ಏಕವಚನದಲ್ಲಿ ಕರೆಯುವುದಿಲ್ಲ. "ಅಳಿಯಂದಿರೇ" ಅಂತ ಗೌರವ ಕೊಟ್ಟು, ಅದೇ ಉಸಿರಿನಲ್ಲಿ "ಸಂಬಂಧ ಮುರೀತು" ಅನ್ನಬೇಕು. ನಗು ಬರುವುದು ಅಲ್ಲಿ.

ಸುಮಾ_ಧಾರವಾಡ
ಇದು ಭಾಳ ಚಂದ ಅದ. ಇದನ್ನೇ ಇಡ್ರಿ.

ಮೈಸೂರು_ಹವ್ಯಾಸಿ
ಈಗಲೇ ಪ್ರತಿಯಲ್ಲಿ ತಿದ್ದಿದೆ. ಧನ್ಯವಾದ ಸರ್.

ಹೊಸ_ಓದುಗ_22
ನಾಟಕವನ್ನು ಪೂರ್ತಿ ಮೈಸೂರಿಗೇ ತಂದುಬಿಟ್ಟರೆ? ಟೋಪಿ ಬದಲು ಮೈಸೂರು ಪೇಟ. ಜಟಕಾ ಕುದುರೆ. ಎಲ್ಲರಿಗೂ ಹತ್ತಿರ ಆಗುತ್ತದೆ.

ರಂಗದ_ಹಿಂದೆ
ಕುದುರೆ ಪೇಟ ತಿನ್ನುವುದಿಲ್ಲ ತಮ್ಮಾ. ಹುಲ್ಲು ತಿನ್ನುತ್ತದೆ. ಕಥೆ ನಿಂತಿರುವುದೇ ಅದರ ಮೇಲೆ.

ಸೀನ್_ನದಿ_ಕನ್ನಡಿಗ
ಜೊತೆಗೆ ಆ ಟೋಪಿ ಸಾಮಾನ್ಯದ್ದಲ್ಲ. ಟಸ್ಕನಿಯಲ್ಲಿ, ಫ್ಲಾರೆನ್ಸ್ ಹತ್ತಿರದ ಸಿನ್ಯಾ ಕಡೆ, ತೆಳ್ಳಗಿನ ಗೋಧಿ ಹುಲ್ಲನ್ನು ಜಡೆಯ ಹಾಗೆ ಹೆಣೆದು ಹೊಲಿಯುತ್ತಿದ್ದರು. ಲಿವೋರ್ನೊ ಬಂದರಿನಿಂದ ಯುರೋಪಿಗೆಲ್ಲ ಹೋಗುತ್ತಿತ್ತು. ದುಬಾರಿ ಮಾಲು. ಅದಕ್ಕೇ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಇನ್ನೊಂದು, ಆಗ ಮರ್ಯಾದಸ್ಥ ಮನೆಯ ಹೆಂಗಸು ಬರಿತಲೆಯಲ್ಲಿ ಬೀದಿಗೆ ಬರುವ ಹಾಗಿರಲಿಲ್ಲ. ಪ್ಯಾರಿಸ್ ಬಿಟ್ಟರೆ ಈ ಕಟ್ಟುಪಾಡೇ ಕಳಚಿಹೋಗುತ್ತದೆ.

ಮೈಸೂರು_ಹವ್ಯಾಸಿ
ಪ್ಯಾರಿಸ್ಸಿನಲ್ಲೇ ಇರಲಿ. ಇದು ತಂಡದಲ್ಲೂ ತೀರ್ಮಾನ ಆಗಿದೆ. ಹೊಸ ಓದುಗರೇ, ಬೇಜಾರು ಮಾಡಿಕೊಳ್ಳಬೇಡಿ. ನಮಗೂ ಮೊದಲು ಹಾಗೇ ಅನ್ನಿಸಿತ್ತು.

ಕಾವೇರಿ_ದಂಡೆ
ನನಗೆ ಆ ಹೆಂಗಸಿನದ್ದೇ ಚಿಂತೆ. ಅವಳ ಹೆಸರು ಅನಯಿಸ್. ಎಲ್ಲರೂ ಅವಳ ಟೋಪಿ ಹುಡುಕುತ್ತಾರೆ. ಅವಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಗಂಡನ ಹತ್ತಿರ ಸುಳ್ಳು ಹೇಳಿ ಗೆದ್ದಳು, ಎಲ್ಲರೂ ಚಪ್ಪಾಳೆ. ಇದು ದಾಂಪತ್ಯವನ್ನು ಹಗುರ ಮಾಡಿದ ಹಾಗಲ್ವಾ?

ಸುಮಾ_ಧಾರವಾಡ
ನನಗೆ ಹಾಗೆ ಅನ್ನಿಸಲಿಲ್ಲ. ಗಂಡನಿಗೆ ಬೇಕಿರುವುದು ಹೆಂಡತಿ ಅಲ್ಲ, ಟೋಪಿ. ಟೋಪಿ ಮನೆಗೆ ಬಂದರೆ ಅವನ ಮಾನ ಉಳಿಯಿತು. ಒಳಗೆ ಏನು ನಡೆದಿದೆ ಅಂತ ಅವನು ಕೇಳುವುದಿಲ್ಲ. ಊರಿನ ಕಣ್ಣಿಗೆ ಎಲ್ಲ ಸರಿ ಕಂಡರೆ ಸಾಕು ಅನ್ನುವ ಜನರನ್ನು ಲಬೀಶ್ ತೋರಿಸುತ್ತಿದ್ದಾರೆ. ಟೈ, ಕೈಗವಸು, ಟೋಪಿ ಎಲ್ಲ ಅದೇ ಅಲ್ವಾ? ಮಾನ ಅನ್ನುವುದು ತೊಟ್ಟ ಬಟ್ಟೆಯಲ್ಲಿದೆ ಅಂತ ನಂಬಿದವರು.

ಕಾವೇರಿ_ದಂಡೆ
ಅರ್ಧ ಒಪ್ಪಿದೆ. ಆದರೂ ಅವಳಿಗೆ ಮೂರ್ಛೆ ಹೋಗುವುದು ಬಿಟ್ಟು ಬೇರೆ ಕೆಲಸ ಕೊಡಬಹುದಿತ್ತು.

ಹಳೇ_ಸಿನಿಮಾ_ಪ್ರೇಮಿ
ಈ ನಾಟಕವನ್ನು ತತ್ವಶಾಸ್ತ್ರದವರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಆನ್ರಿ ಬೆರ್ಗ್ಸನ್ 1900ರಲ್ಲಿ ನಗುವಿನ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಉರುಳುತ್ತಾ ದೊಡ್ಡದಾಗುವ ಹಿಮದ ಉಂಡೆಯ ಹಾಗೆ ಒಂದು ಸಣ್ಣ ಕಾರಣ ಬೆಳೆಯುವುದು. ಟೋಪಿಯ ಹಿಂದೆ ನಾಯಕ ಓಡುತ್ತಾನೆ, ಅವನಿಗೆ ಅಂಟಿಕೊಂಡು ಉಳಿದವರೂ ಓಡುತ್ತಾರೆ. ಹತ್ತಿರ ಹೋದಷ್ಟೂ ಟೋಪಿ ದೂರ. ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ. ನಗು ಮಾತಿನಲ್ಲೂ ಇಲ್ಲ, ಮುಖಭಾವದಲ್ಲೂ ಇಲ್ಲ. ಕಥೆಯ ಕಟ್ಟಡದಲ್ಲಿದೆ. ಕಟ್ಟಡ ಗಟ್ಟಿ ಇದ್ದದ್ದಕ್ಕೇ ಕ್ಲೇರ್ ಮಾತು ತೆಗೆದರೂ ಬೀಳಲಿಲ್ಲ.

ಕಂಪನಿ_ನಾಟಕ_ಅಭಿಮಾನಿ
ಕಟ್ಟಡ ಅಂದಿರಲ್ಲ, ಅದರ ಅತಿ ಒಳ್ಳೆಯ ಕಲ್ಲು ಯಾವುದು ಗೊತ್ತಾ? ಅಂಥದ್ದೇ ಟೋಪಿ ಒಬ್ಬ ಬ್ಯಾರನೆಸ್ ಹತ್ತಿರ ಇದೆ ಅಂತ ಫಾದಿನಾರ್ ಅಲ್ಲಿಗೆ ಹೋಗುತ್ತಾನೆ. ಅವಳು ಅದನ್ನು ಬೇರೊಬ್ಬಳಿಗೆ ಕೊಟ್ಟಿರುತ್ತಾಳೆ. ವಿಳಾಸ ಹಿಡಿದು ಆ ಮನೆಗೆ ಹೋದರೆ, ಅದು ಕಾಡಿನಲ್ಲಿ ಸಿಕ್ಕ ಅದೇ ಹೆಂಗಸಿನ ಮನೆ! ಇಷ್ಟು ಹೊತ್ತು ಹುಡುಕಿದ್ದು ಕುದುರೆ ಆಗಲೇ ತಿಂದ ಟೋಪಿಯನ್ನು. ಅದೂ ಗೊತ್ತಿಲ್ಲದೆ ಅವಳ ಗಂಡನ ಮುಂದೆಯೇ ಇಡೀ ಕಥೆ ಹೇಳಿಬಿಡುತ್ತಾನೆ. ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಎದ್ದು ಓಡಾಡಿದೆ.

ಹಳೇ_ಸಿನಿಮಾ_ಪ್ರೇಮಿ
ಆ ಕಥೆ ಹೇಳುವ ದೃಶ್ಯವನ್ನು ಸಿನಿಮಾದಲ್ಲಿ ಗಮನಿಸಿ. ಫಾದಿನಾರ್ ಹೇಳುತ್ತಿರುವುದನ್ನು ಕ್ಲೇರ್ ಬಣ್ಣ ಬಳಿದ ಪರದೆಯ ಮುಂದೆ ನಡೆಯುವ ನಾಟಕದ ಹಾಗೆ ತೋರಿಸುತ್ತಾರೆ. ಸಿನಿಮಾದೊಳಗೆ ಒಂದು ರಂಗಮಂದಿರ.

ಬೆಂಗಳೂರು_ರೀಲು
ಇದೆಲ್ಲ ಸರಿ. ನಾಟಕದಿಂದ ಬಂದ ಫ್ರೆಂಚ್ ಹಾಸ್ಯ ಅಂದರೆ ನನಗೆ ಮಾತ್ರ ಲೂಯಿ ದ ಫ್ಯುನೆಸ್ ನಟಿಸಿದ 'ಆಸ್ಕರ್'. ಅದೂ ರಂಗದ ಪ್ರಹಸನವೇ. ಅಲ್ಲಿ ಮಾತಿನ ವೇಗವೇ ಜೀವಾಳ.

ಹಳೇ_ಸಿನಿಮಾ_ಪ್ರೇಮಿ
ಹೌದು, ಕ್ಲೋದ್ ಮಾನ್ಯೆ ಬರೆದ 1958ರ ನಾಟಕ. ಎದುವಾರ್ ಮೊಲಿನಾರೊ 1967ರಲ್ಲಿ ಚಿತ್ರ ಮಾಡಿದರು. ಫ್ಯುನೆಸ್ ಅದನ್ನು ರಂಗದ ಮೇಲೂ ಆಡಿದ್ದರು. ಮುಂದೆ ಇದೇ ಮೊಲಿನಾರೊ 1978ರಲ್ಲಿ 'ಲಾ ಕಾಜ್ ಓ ಫೋಲ್' ಮಾಡಿದರು. ಅದೂ ಜಾನ್ ಪೊಯರೆ 1973ರಲ್ಲಿ ಬರೆದ ನಾಟಕ. ಆದರೆ ರೀಲು ಅವರೇ, 'ಆಸ್ಕರ್'ನಲ್ಲಿ ಫ್ಯುನೆಸ್ ಬಾಯಿ ಮುಚ್ಚಿಸಿ ನೋಡಿ. ಧ್ವನಿ ಪೂರ್ತಿ ಕಡಿಮೆ ಮಾಡಿ. ಆಗಲೂ ನಗು ಬರುತ್ತದೆ.

ಬೆಂಗಳೂರು_ರೀಲು
ಈಗ ಮಾಡಿ ನೋಡಿದೆ. ಬರುತ್ತದೆ. ನಿಮ್ಮ ಮಾತು ಒಪ್ಪಿದೆ.

ರಂಗದ_ಹಿಂದೆ
ಹವ್ಯಾಸಿ ಅವರೇ, ಮೂವತ್ತು ವರ್ಷ ಪರದೆ ಎಳೆದವನಾಗಿ ಹೇಳುತ್ತೇನೆ. ನಿಮ್ಮ ತಂಡ ಸಪ್ಪೆ ಮುಖ ಮಾಡಿದ್ದಕ್ಕೆ ಕಾರಣ ನಿಮ್ಮ ಅನುವಾದ ಇರಲಿಕ್ಕಿಲ್ಲ. ಪ್ರಹಸನವನ್ನು ಚಾಪೆ ಮೇಲೆ ಕೂತು ಓದಿದರೆ ಯಾವಾಗಲೂ ಸಪ್ಪೆಯೇ. ಎದ್ದು ನಿಲ್ಲಿ. ಬಾಗಿಲುಗಳನ್ನು ಗುರುತು ಮಾಡಿ. ಒಬ್ಬ ಒಳಗೆ ಹೋಗುವ ಕ್ಷಣಕ್ಕೆ ಸರಿಯಾಗಿ ಇನ್ನೊಬ್ಬ ಹೊರಗೆ ಬರಬೇಕು. ಅರ್ಧ ಸೆಕೆಂಡ್ ತಪ್ಪಿದರೂ ಕೆಟ್ಟಿತು.

ಮತ್ತೆ, ದಿಬ್ಬಣ ಎಲ್ಲಿಗೆ ಹೋದರೂ ಜಾಗ ತಪ್ಪು ತಿಳಿಯುತ್ತದೆ, ಮರೆಯಬೇಡಿ. ಟೋಪಿ ಅಂಗಡಿಯನ್ನು ನೋಂದಣಿ ಕಚೇರಿ ಅಂದುಕೊಳ್ಳುತ್ತಾರೆ, ಅಲ್ಲಿನ ಗುಮಾಸ್ತನನ್ನು ಮೇಯರ್ ಅಂದುಕೊಳ್ಳುತ್ತಾರೆ. ಬ್ಯಾರನೆಸ್ ಮನೆಯನ್ನು ಊಟದ ಹೋಟೆಲ್ ಅಂತ ತಿಳಿದು ಊಟಕ್ಕೇ ಕೂರುತ್ತಾರೆ. ಇದು ಪ್ರೇಕ್ಷಕರಿಗೆ ಗೊತ್ತಾಗಬೇಕಾದರೆ ಮಾತು ಬೇಕೇ ಬೇಕು. ಮೂಕಿ ಚಿತ್ರಕ್ಕೆ ಕ್ಯಾಮೆರಾ ಹತ್ತಿರ ಹೋಗಿ ಶೂ ತೋರಿಸುತ್ತದೆ. ನಿಮ್ಮ ಹಿಂದಿನ ಸಾಲಿನವರಿಗೆ ಶೂ ಕಾಣುವುದಿಲ್ಲ. ಅವರಿಗೆ ಮಾವನ ನರಳಾಟ ಕೇಳಬೇಕು.

ಕಂಪನಿ_ನಾಟಕ_ಅಭಿಮಾನಿ
ನೂರಕ್ಕೆ ನೂರು. ಜೊತೆಗೆ ಹಾಡು ಬಿಡಬೇಡಿ. ಮೂಲದಲ್ಲಿ ಉದ್ದಕ್ಕೂ ಹಾಡುಗಳಿವೆ. ಆಗ ಪ್ಯಾರಿಸ್ಸಿನಲ್ಲಿ ಇಂಥ ನಾಟಕಕ್ಕೆ ವೋದ್ವಿಲ್ ಅನ್ನುತ್ತಿದ್ದರು. ಜನರಿಗೆ ಮೊದಲೇ ಗೊತ್ತಿದ್ದ ಧಾಟಿಗೆ ಹೊಸ ಸಾಲು ಕೂರಿಸುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲೂ ಮಟ್ಟು ಹಿಡಿದು ಹಾಡು ಕಟ್ಟುತ್ತಿದ್ದರಲ್ಲ, ಹಾಗೆಯೇ. ಈ ವಿಷಯದಲ್ಲಿ ಕನ್ನಡ ರಂಗಕ್ಕೆ ಇದು ಪರಕೀಯವೇ ಅಲ್ಲ.

ಸೀನ್_ನದಿ_ಕನ್ನಡಿಗ
ಹಾಡಿನ ಮಾತು ಬಂತು ಅಂತ ಹೇಳುತ್ತೇನೆ. ಇಟಲಿಯ ನಿನೊ ರೋತಾ ಇದನ್ನು ಒಪೆರಾ ಮಾಡಿದ್ದಾರೆ. 1955ರಲ್ಲಿ ಪಲೆರ್ಮೊದಲ್ಲಿ ಮೊದಲ ಪ್ರದರ್ಶನ. ಅದಕ್ಕೂ ಮೊದಲು 1936ರಲ್ಲಿ ನ್ಯೂಯಾರ್ಕಿನಲ್ಲಿ ಆರ್ಸನ್ ವೆಲ್ಸ್ ಇದನ್ನು ರಂಗಕ್ಕೆ ತಂದಿದ್ದರು. ಆಗ ಅವರಿಗೆ ಬರೀ 21 ವರ್ಷ. ಒಂದೇ ಟೋಪಿ ಎಷ್ಟು ಊರು ಸುತ್ತಿದೆ ನೋಡಿ.

ಹೊಸ_ಓದುಗ_22
ಸ್ಟೇಜ್ ಮೇಲೆ ಕುದುರೆ ಹೇಗೆ ತೋರಿಸುತ್ತೀರಿ?

ಮೈಸೂರು_ಹವ್ಯಾಸಿ
ತೋರಿಸುವುದಿಲ್ಲ. ನಾಟಕದಲ್ಲಿ ಕುದುರೆ ಟೋಪಿ ತಿಂದದ್ದನ್ನು ಫಾದಿನಾರ್ ಬಾಯಲ್ಲಿ ಹೇಳುತ್ತಾನೆ. ಸಿನಿಮಾ ಅದನ್ನು ಕಣ್ಣಿಗೇ ತೋರಿಸುತ್ತದೆ. ಈಗ ಗೊತ್ತಾಗುತ್ತಿದೆ, ನಾನು ಆ ಮೊದಲ ಮಾತನ್ನೇ ಕೆಡಿಸಿದ್ದೆ. ಉದ್ದ ವಾಕ್ಯ, ದೊಡ್ಡ ಪದ. ಕೇಳಿದವರ ಕಣ್ಣ ಮುಂದೆ ಕುದುರೆ ಬರುತ್ತಲೇ ಇರಲಿಲ್ಲ. ಚಾಟಿ ಕೆಳಗೆ ಬಿತ್ತು, ಎತ್ತಿಕೊಳ್ಳಲು ಇಳಿದೆ, ತಿರುಗಿ ನೋಡಿದರೆ ಕುದುರೆ ಏನೋ ಮೆಲ್ಲುತ್ತಿದೆ, ಅಂತ ತುಂಡು ತುಂಡಾಗಿ ಬರೆಯಬೇಕು.

ಸುಮಾ_ಧಾರವಾಡ
ಟೈ ದೃಶ್ಯವನ್ನೂ ಸೇರಿಸಿಕೊಳ್ಳುತ್ತೀರಾ?

ಕಂಪನಿ_ನಾಟಕ_ಅಭಿಮಾನಿ
ಬೇಡ. ಅದು ಕ್ಲೇರ್ ಅವರ ಸೊತ್ತು. ಲಬೀಶ್ ನಾಟಕ ಅಂತ ಹೇಳಿ ಇನ್ನೊಬ್ಬರ ಕಲ್ಪನೆ ತುರುಕುವುದು ನನಗೆ ಸರಿ ಕಾಣುವುದಿಲ್ಲ.

ರಂಗದ_ಹಿಂದೆ
ಮೊದಲು ಲಬೀಶ್ ಕೊಟ್ಟದ್ದನ್ನೇ ಪೂರ್ತಿ ಆಡಿ ನೋಡಲಿ. ಅಷ್ಟರಲ್ಲೇ ಎರಡು ಗಂಟೆ ತುಂಬುತ್ತದೆ.

ಮೈಸೂರು_ಹವ್ಯಾಸಿ
ಟೈ ಬೇಡ ಅಂತ ನನಗೂ ಅನ್ನಿಸುತ್ತಿದೆ ಸುಮಾ ಅವರೇ. ಬೇಸರ ಆಗಿದ್ದರೆ ಕ್ಷಮಿಸಿ. ಭಾನುವಾರ ಬೆಳಿಗ್ಗೆ ಮತ್ತೆ ತಾಲೀಮು. ಈ ಸಲ ಯಾರೂ ಕೂರುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಾಗಿಲು ಬರೆಯುತ್ತೇನೆ. ಹೇಗೆ ಬಂತು ಅಂತ ಸಂಜೆ ಇಲ್ಲೇ ಬರೆಯುತ್ತೇನೆ.

ಮೈಸೂರು_ಹವ್ಯಾಸಿ
ಭಾನುವಾರ ಸಂಜೆ. ಮೊದಲ ಅಂಕ ನಿಂತುಕೊಂಡೇ ಆಡಿದೆವು. "ಅಳಿಯಂದಿರೇ, ಸಂಬಂಧ ಮುರೀತು!" ಎರಡನೇ ಸಲ ಬಂದಾಗ ನಕ್ಕರು. ಮೂರನೇ ಸಲ ಮಾವನ ಪಾತ್ರಧಾರಿ ಬಾಯಿ ತೆರೆಯುವ ಮೊದಲೇ ನಕ್ಕರು. ಮಾತು ತೆಗೆಯೋಣ ಅಂದವರು ಯಾರೂ ಇವತ್ತು ಆ ವಿಷಯ ಎತ್ತಲಿಲ್ಲ. ಎರಡನೇ ಅಂಕದ ಹಾಡಿಗೆ ಒಳ್ಳೆಯ ಮಟ್ಟು ಯಾರಾದರೂ ಸೂಚಿಸುತ್ತೀರಾ? ದಿಬ್ಬಣ ಒಳಗೆ ಬರುವಾಗ ಎಲ್ಲರೂ ಸೇರಿ ಹಾಡುವಂಥದ್ದು ಬೇಕು.

ಮಲೆನಾಡು_ಮಳೆ
ಮಟ್ಟು ಗೊತ್ತಿಲ್ಲ. ಆದರೆ ಅಪ್ಪ ಕಥೆ ಓದಿ ಕೇಳಿದರು, "ಆ ಡಬ್ಬ ಕೊನೆಗೆ ಯಾರು ತೆರೆದರು?" ಪ್ರದರ್ಶನ ಯಾವಾಗ ಅಂತ ಹೇಳಿ. ಅವರನ್ನು ಕರೆದುಕೊಂಡು ಬರುತ್ತೇನೆ, ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಇಡಿ.